ಕೊಟ್ಟವನಿಗೇ ವಾಪಸ್ ಹೋಗುವ ಚೆಂಡು

ಚೆಂಡು ನನ್ನ ಕೈಗೆ ಬಂದರೆ ಸಾಕು, ಯಾರು ಕೊಟ್ಟರೋ ಅವರಿಗೇ ವಾಪಸ್ ಕೊಟ್ಟುಬಿಡುತ್ತೇನೆ. ಇದೊಂದು ರೋಗ. ಎಂಟು ತಿಂಗಳಿಂದ ಬೈದು ಬೈದು ಅಕ್ಕ ಸುಸ್ತಾಗಿದ್ದಾಳೆ, ಬೈಸಿಕೊಂಡು ಬೈಸಿಕೊಂಡು ನಾನು ಸುಸ್ತಾಗಿದ್ದೇನೆ, ಬೆರಳು ಮಾತ್ರ ಬುದ್ಧಿ ಕಲಿತಿಲ್ಲ. ನಾನು ಹೇಳುತ್ತಿರುವುದು ಟಿವಿಯೊಳಗೆ ಆಡುವ ಬ್ಯಾಸ್ಕೆಟ್‌ಬಾಲಿನ ಮಾತು. ನಲವತ್ತೆರಡು ವರ್ಷದ ಹೆಂಗಸು, ಕಂಪಲಾಪುರದಲ್ಲಿ ಟೈಲರಿಂಗ್ ಮಾಡಿಕೊಂಡಿರುವವಳು, ವಾರಕ್ಕೆರಡು ಸಲ ಬಸ್ಸು ಹತ್ತಿ ಹುಣಸೂರಿಗೆ ಹೋಗಿ ಅಕ್ಕನ ಮನೆಯಲ್ಲಿ ವಿಡಿಯೋ ಗೇಮ್ ಆಡುತ್ತಾಳೆ ಅಂದರೆ ನಗು ಬರುತ್ತದೆ, ಗೊತ್ತು. ನಗೋದಾದರೆ ಪೂರ್ತಿ ಕೇಳಿ ಆಮೇಲೆ ನಗಿ.

ಅಕ್ಕನ ಎರಡೂ ಕಿಡ್ನಿ ಹೋಗಿವೆ. ಸೋಮವಾರ, ಗುರುವಾರ ಹುಣಸೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಭಾವ ಲಾರಿ ಡ್ರೈವರ್, ವಾರದಲ್ಲಿ ಅರ್ಧ ಕೇರಳದ ರೋಡಿನಲ್ಲೇ ಕಳೆಯುತ್ತಾರೆ. ಅದಕ್ಕೆ ಆ ಎರಡು ದಿನ ಅಂಗಡಿಗೆ ಬೀಗ ಹಾಕಿ ನಾನೇ ಹೋಗುತ್ತೇನೆ. ಬೆಳಿಗ್ಗೆ ಅವಳನ್ನು ಮೆಷಿನ್ನಿನ ಪಕ್ಕ ಮಲಗಿಸಿ, ನಾಲ್ಕು ಗಂಟೆ ಬೆಂಚಿನ ಮೇಲೆ ಕೂತು, ಮಧ್ಯಾಹ್ನ ಆಟೋದಲ್ಲಿ ಮನೆಗೆ ಕರೆದುಕೊಂಡು ಬರಬೇಕು. ಬಂದ ಮೇಲೆ ಸಂಜೆಯವರೆಗೆ ಅವಳಿಗೆ ಏಳುವುದಕ್ಕಾಗುವುದಿಲ್ಲ, ನಿದ್ದೆಯೂ ಬರುವುದಿಲ್ಲ. ಸುಮ್ಮನೆ ಗೋಡೆ ನೋಡುತ್ತಾ ಮಲಗಿರುತ್ತಿದ್ದಳು. ಆ ಗೋಡೆ ನೋಟ ನನ್ನ ಕೈಲಿ ತಡೆದುಕೊಳ್ಳೋಕೆ ಆಗುತ್ತಿರಲಿಲ್ಲ.

ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುವ ಅವಳ ಮಗಳಿಗೂ ತಡೆಯಲಿಲ್ಲ ಅಂತ ಕಾಣುತ್ತೆ. ಒಬ್ಬಳೇ ಮಗಳು, ಇಪ್ಪತ್ತು ತುಂಬಿದೆ. ಒಂದು ಭಾನುವಾರ ಯಾರೋ ಗೆಳತಿಯ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಗೇಮ್ ಪೆಟ್ಟಿಗೆ ಹೊತ್ತು ತಂದು ಟಿವಿಗೆ ಸಿಕ್ಕಿಸಿದಳು. ಮೊದಲು ಕ್ರಿಕೆಟ್ ಹಾಕಿದಳು, ಅಕ್ಕ ತಿರುಗಿಯೂ ನೋಡಲಿಲ್ಲ. ಕಾರ್ ರೇಸ್ ಹಾಕಿದಳು, ತಲೆ ತಿರುಗುತ್ತೆ ತೆಗಿ ಅಂದಳು. ಬ್ಯಾಸ್ಕೆಟ್‌ಬಾಲ್ ಹಾಕಿದಾಗ ಅಕ್ಕ ದಿಂಬಿಗೆ ಒರಗಿ ಎದ್ದು ಕೂತಳು.

ಯಾಕೆ ಅಂತ ನನಗೆ ಗೊತ್ತು. ಅಕ್ಕ ಕೆ.ಆರ್. ನಗರದ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದಿದವಳು. ಆ ಸ್ಕೂಲಿನಲ್ಲಿ ಸಿಮೆಂಟಿನ ಕೋರ್ಟು, ಸೊಟ್ಟ ರಿಂಗು, ಅಕ್ಕನೇ ಕ್ಯಾಪ್ಟನ್ನು. ಚೂಡಿದಾರದ ಪ್ಯಾಂಟು ಮಡಿಸಿಕೊಂಡು ಆಡುತ್ತಿದ್ದಳು. ಎತ್ತರ ಏನಿಲ್ಲ, ಆದರೆ ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವಾಗ ಓಡಬೇಕು ಅನ್ನುವುದು ಅವಳ ತಲೆಯಲ್ಲಿ ಅಚ್ಚಾಗಿತ್ತು. ರಜೆಗೆ ಊರಿಗೆ ಬಂದಾಗ ಅಂಗಳದಲ್ಲಿ ನಮ್ಮ ಓರಗೆಯ ಹುಡುಗೀರನ್ನೆಲ್ಲ ನಿಲ್ಲಿಸಿ, ಹುಣಿಸೆಹಣ್ಣಿನ ಮಂಕರಿ ಗೋಡೆಗೆ ಕಟ್ಟಿ ಆಡಿಸುತ್ತಿದ್ದಳು. ನಮ್ಮೂರು ಬಿಳಿಕೆರೆಯಿಂದ ಒಳಗೆ. ನಮ್ಮವ್ವ ಬೈದು ಮಂಕರಿ ಕೀಳುವ ತನಕ ಆಟ ನಡೆಯುತ್ತಿತ್ತು.

ಆದರೆ ಈಗ ಅಕ್ಕನ ಎಡಗೈಗೆ ಸೂಜಿ ಚುಚ್ಚಿ ಚುಚ್ಚಿ ನರ ಹಗ್ಗದ ಹಾಗೆ ಉಬ್ಬಿಕೊಂಡಿದೆ. ಡಯಾಲಿಸಿಸ್ ದಿನ ಅದಕ್ಕೆ ಪಟ್ಟಿ ಸುತ್ತಿರುತ್ತದೆ, ಬಲಗೈ ನಡುಗುತ್ತದೆ. ಎರಡು ಕೈಯಲ್ಲಿ ಹಿಡಿಯುವ ಆ ರಿಮೋಟು ಅವಳಿಗೆ ಆಗುವುದಿಲ್ಲ. ಹಾಗಾಗಿ ಅವಳು ಹೇಳುವುದು, ನಾನು ಒತ್ತುವುದು ಅಂತಾಯಿತು. ಮಗಳು ನನಗೆ ಎರಡು ಭಾನುವಾರ ಟ್ರೈನಿಂಗ್ ಕೊಟ್ಟಳು. ಬಾಣದ ಬಟನ್ ಒತ್ತಿದರೆ ಪ್ಲೇ ಅಂತ ಕರೆಯುವ ಆಟದ ತಂತ್ರಗಳ ಪಟ್ಟಿ ಬರುತ್ತದೆ. ಒಂದನ್ನು ಆರಿಸಿದರೆ ನೆಲದ ಮೇಲೆ ಗೆರೆ ಮೂಡುತ್ತದೆ. ಗೆರೆ ಹೇಳಿದ ಕಡೆ ಹೋಗಬೇಕು, ಅದು ಹೇಳಿದವನಿಗೆ ಚೆಂಡು ಕೊಡಬೇಕು. ಉಳಿದ ನಾಲ್ಕು ಜನ ತಮ್ಮ ಪಾಡಿಗೆ ತಾವು ಓಡಾಡಿ ಜಾಗ ಮಾಡಿಕೊಡುತ್ತಾರೆ. ಅವಸರ ಮಾಡಿದರೆ ಕೆಟ್ಟಿತು, ತಡ ಮಾಡಿದರೂ ಕೆಟ್ಟಿತು. ಇಪ್ಪತ್ತನಾಲ್ಕು ಸೆಕೆಂಡಿನೊಳಗೆ ಚೆಂಡು ಬುಟ್ಟಿಯ ಕಡೆ ಹೋಗಲಿಲ್ಲ ಅಂದರೆ ಕೊಂಬು ಊದಿ ಕಿತ್ತುಕೊಳ್ಳುತ್ತಾರೆ.

ಅಕ್ಕನಿಗೆ ಪಟ್ಟಿಯಲ್ಲಿ ಮೂರನೆಯದರ ಮೇಲೆ ಪ್ರಾಣ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಸೊನ್ನೆ, ಬಾಣ ಎಲ್ಲ ಬರೆದು ನನಗೆ ಪಾಠ ಮಾಡಿದಳು. ಚೆಂಡು ತಂದವನು ಬಲಗಡೆಯವನಿಗೆ ಕೊಡುತ್ತಾನೆ. ಅಷ್ಟರಲ್ಲಿ ಉದ್ದನೆಯವನು ಹೋಗಿ ಎದುರಾಳಿಗೆ ಅಡ್ಡ ನಿಂತುಕೊಳ್ಳುತ್ತಾನೆ. ಆ ಮರೆಯಲ್ಲಿ ಇನ್ನೊಬ್ಬ ಬುಟ್ಟಿಯ ಕೆಳಗಿಂದ ನುಸುಳಿ ಮೂಲೆಗೆ ಬಂದು ನಿಲ್ಲುತ್ತಾನೆ. ಅವನ ಸುತ್ತ ಯಾರೂ ಇರುವುದಿಲ್ಲ. ಬಲಗಡೆಯವನು ಚೆಂಡನ್ನು ಮೂಲೆಯಲ್ಲಿ ನಿಂತ ಆ ಮೂರನೆಯವನಿಗೆ ಕೊಟ್ಟರೆ ಮುಗಿಯಿತು. ಇಷ್ಟೇ. ಆದರೆ ಬಲಗಡೆಯವನ ಕೈಗೆ ಚೆಂಡು ಬಂದ ಕೂಡಲೇ ನನ್ನ ಹೆಬ್ಬೆರಳು ತಂದವನಿಗೇ ತಿರುಗಿ ಕೊಟ್ಟುಬಿಡುತ್ತದೆ. ಗೆರೆಯೆಲ್ಲ ಅಳಿಸಿಹೋಗುತ್ತದೆ. ಮೂಲೆಯಲ್ಲಿದ್ದವನು ಎರಡೂ ಕೈ ಚಾಚಿಕೊಂಡು ನಿಂತೇ ಇರುತ್ತಾನೆ.

ಒಂದು ದಿನ ಅಕ್ಕ ರೇಗಿ, ಕೊಟ್ಟೋರಿಗೇ ವಾಪಸ್ ಕೊಡೋಕೆ ಇದೇನು ಮುಯ್ಯಾಳಾ ಅಂದಳು. ನನಗೆ ನಗು ಬಂತು, ಆಮೇಲೆ ಹೌದಲ್ಲ ಅನ್ನಿಸಿತು. ನಮ್ಮ ಕಡೆ ಹೊಗೆಸೊಪ್ಪು ಕಡ್ಡಿಗೆ ಕಟ್ಟುವುದಕ್ಕೆ ಮುಯ್ಯಿ ನಡೆಯುತ್ತಿತ್ತು. ಇವತ್ತು ನಮ್ಮ ಮನೆಗೆ ನಾಲ್ಕು ಜನ ಬಂದು ಕಟ್ಟಿಕೊಟ್ಟರೆ ನಾಳೆ ಅವರ ಮನೆಗೆ ನಮ್ಮವರು ನಾಲ್ಕು ಜನ ಹೋಗಲೇಬೇಕು. ಪಕ್ಕದ ಮನೆಯವರು ಬಟ್ಟಲಲ್ಲಿ ಸಾರು ಕೊಟ್ಟರೆ ಅವ್ವ ಆ ಬಟ್ಟಲನ್ನು ಬರಿದಾಗಿ ಕಳಿಸುತ್ತಿರಲಿಲ್ಲ, ಎರಡು ನಿಂಬೆಹಣ್ಣಾದರೂ ಹಾಕುತ್ತಿದ್ದಳು. ಹಂಗೆ ಬೆಳೆದ ಬೆರಳು ಇದು. ಯಾರಾದರೂ ಕೊಟ್ಟರೆ ಅವರಿಗೆ ತಿರುಗಿ ಕೊಡುವ ತನಕ ಸಮಾಧಾನವಿಲ್ಲ.

ಅಕ್ಕನಿಗೆ ನಾನು ಕೊಡಬೇಕಾದದ್ದು ಬೇರೆಯೇ ಇತ್ತು. ಅವಳು ಹತ್ತನೇ ಕ್ಲಾಸಿನಲ್ಲಿದ್ದಾಗ ಜಿಲ್ಲಾ ಟೀಮಿಗೆ ಆರಿಸುವ ಕ್ಯಾಂಪಿಗೆ ಕರೆ ಬಂದಿತ್ತು. ಆ ವಾರ ನಾವು ಮೂರು ಮನೆಗೆ ಮುಯ್ಯಿ ತೀರಿಸಬೇಕಾಗಿತ್ತು. ಹೋಗಬೇಕಾದವಳು ನಾನು. ನನಗೆ ಟೈಫಾಯಿಡ್ ಬಂದು ಮಲಗಿದೆ. ಅಕ್ಕ ಬ್ಯಾಗು ಬಿಚ್ಚಿಟ್ಟು ನನ್ನ ಬದಲಿಗೆ ಸೊಪ್ಪು ಕಟ್ಟೋಕೆ ಹೋದಳು. ಅಂಟಿನಿಂದ ಕಪ್ಪಾದ ಕೈಯಲ್ಲೇ ಬಂದು ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು. ಕ್ಯಾಂಪಿನ ಮಾತನ್ನು ಅವಳು ಮತ್ತೆ ಯಾವತ್ತೂ ಎತ್ತಲಿಲ್ಲ. ಅದೇ ನನಗೆ ಉರಿ. ನಿನ್ನಿಂದಲೇ ತಪ್ಪಿತು ಅಂತ ಒಂದು ಸಲ ಆಡಿ ತೋರಿಸಿದ್ದರೆ ನಾನೂ ನಾಲ್ಕು ಮಾತು ಜಗಳ ಆಡಿ ಹಗುರವಾಗುತ್ತಿದ್ದೆ.

ಅದಕ್ಕೇ ಡಾಕ್ಟರು, ಮನೆಯವರು ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಅಕ್ಕ ಹುಷಾರಾಗುತ್ತಾಳೆ ಅಂದಾಗ ನಾನು ಅಲ್ಲೇ ನಿಂತ ನಿಲುವಿನಲ್ಲೇ ನಂದು ತಗೊಳ್ಳಿ ಅಂದೆ. ಭಾವನ ರಕ್ತದ ಗುಂಪು ಕೂಡುವುದಿಲ್ಲ. ಅವ್ವನಿಗೆ ಎಪ್ಪತ್ತು ದಾಟಿದೆ, ಬಿಪಿ ಬೇರೆ. ನನ್ನದೂ ಅಕ್ಕನದೂ ಒಂದೇ ಗುಂಪು. ಅಕ್ಕನ ಮಗಳದೂ ಅದೇ ಗುಂಪು. ಆ ದಿನ ಆಟೋದಲ್ಲಿ ಬರುವಾಗ ಅಕ್ಕ ನನ್ನ ಮೊಣಕೈ ಹಿಡಿದು ಹೇಳಿದ್ದು ಒಂದೇ ಮಾತು: "ನೀನು ಕೊಟ್ರೆ ಈಸ್ಕೋತೀನಿ. ಮಗಾ ಹತ್ರ ಮಾತ್ರ ಬ್ಯಾಡ. ಅವಳಿನ್ನೂ ಬದುಕಬೇಕು ಕಣಮ್ಮಿ."

ನಾನು ಬೀಗಿಬಿಟ್ಟೆ. ಈಸ್ಕೋತೀನಿ ಅಂದಳಲ್ಲ. ಮೈಸೂರಿನ ಆಸ್ಪತ್ರೆಗೆ ಎಷ್ಟು ಸಲ ಓಡಾಡಿದೆ, ಎಷ್ಟು ಸೀಸೆ ರಕ್ತ ಕೊಟ್ಟೆ, ಲೆಕ್ಕವಿಟ್ಟಿಲ್ಲ. ಇವಳಿಗೆ ಎಳನೀರು ಕೊಡಿಸು ಅಂತ ಅಕ್ಕ ಭಾವನಿಗೆ ಹೇಳುತ್ತಿದ್ದಳು. ಮಗಳಂತೂ ಶನಿವಾರ ಶನಿವಾರ ಫೋನು ಮಾಡಿ, ಚಿಕ್ಕಮ್ಮ, ರಿಪೋರ್ಟು ಬಂತಾ ಅಂತ ಕೇಳುತ್ತಿದ್ದಳು. ಬರ್ಲಿ ಬುಡು, ನಂದೇ ಆಯ್ತದೆ, ನೀನು ಓದ್ಕೋ ಅನ್ನುತ್ತಿದ್ದೆ. ಒಂದು ಸಲ ಅವಳು ಮೆಲ್ಲಗೆ, ನಿಮ್ಮದು ಆಗದಿದ್ದರೆ ನಾನಿದ್ದೀನಿ, ಅಮ್ಮನಿಗೆ ಹೇಳಬೇಡಿ ಅಂದಳು. ಗದರಿಸಿ ಫೋನು ಇಟ್ಟೆ.

ರಿಪೋರ್ಟು ಬಂದದ್ದು ಒಂದು ಬುಧವಾರ. ಡಾಕ್ಟರಮ್ಮ ಕಾಗದ ತಿರುಗಿಸಿ ತಿರುಗಿಸಿ ನೋಡಿ, ನಿಮಗೆ ಸಕ್ಕರೆ ಕಾಯಿಲೆ ಇದೆ, ಎಷ್ಟು ವರ್ಷದಿಂದ ಇದೆಯೋ, ನಿಮ್ಮ ಕಿಡ್ನಿಯಿಂದಲೇ ಪ್ರೊಟೀನ್ ಸೋರೋಕೆ ಶುರುವಾಗಿದೆ ಅಂದರು. ನಿಮ್ಮದನ್ನು ತೆಗೆಯುವ ಮಾತೇ ಇಲ್ಲ, ಮೊದಲು ನೀವು ಮಾತ್ರೆ ತಗೊಳ್ಳಿ ಅಂದರು. ನಾನು ಜಗಳವಾಡಿದೆ. ನನ್ನ ಮೈ, ನಾನು ಕೊಡ್ತೀನಿ ಅಂದರೆ ನಿಮಗೇನು ಅಂತ ಕೇಳಿದೆ. ಪಾಪ, ಆಯಮ್ಮ ಏನೂ ಬೇಜಾರು ಮಾಡಿಕೊಳ್ಳಲಿಲ್ಲ, ನೀರು ಕುಡಿಸಿ ಕಳಿಸಿದರು. ಬಿಳಿಕೆರೆ ದಾಟುವ ತನಕ ಬಸ್ಸಿನಲ್ಲಿ ಸೆರಗು ಬಾಯಿಗೆ ಇಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿದ್ದವರು ವಾಂತಿ ಬರುತ್ತಿದೆ ಅಂದುಕೊಂಡು ಕಿಟಕಿ ಸೀಟು ಬಿಟ್ಟುಕೊಟ್ಟರು.

ಹೇಳಲಿಲ್ಲ. ಎರಡು ವಾರ ಬಾಯಿ ಹೊಲಿದುಕೊಂಡೆ. ರಿಪೋರ್ಟು ಇನ್ನೂ ಬರಬೇಕು ಅಂದೆ. ಆ ಎರಡು ವಾರ ಅಕ್ಕ ಯಾವತ್ತಿಗಿಂತ ಚೆನ್ನಾಗಿದ್ದಳು. ಅಡ್ಡ ನಿಂತಿದ್ದಾನೆ ನೋಡು, ಈಗ ಬಿಡು, ತಡಿ, ಈಗ ಅಂತ ನನ್ನ ತೊಡೆ ತಟ್ಟಿ ಆಡಿಸುತ್ತಿದ್ದಳು. ಹುಷಾರಾದ ಮೇಲೆ ಕೆ.ಆರ್. ನಗರದ ಆ ಕೋರ್ಟಿಗೆ ಒಂದು ಸಲ ಹೋಗಿ ಬರಬೇಕು, ರಿಂಗು ಇನ್ನೂ ಸೊಟ್ಟಗೇ ಇದೆಯೋ ಏನೋ ಅನ್ನುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ. ಹೂಂ ಅನ್ನೋಕೆ ಕೂಡ ಎಷ್ಟು ಶಕ್ತಿ ಬೇಕು ಅಂತ ಆಗಲೇ ನನಗೆ ಗೊತ್ತಾದದ್ದು.

ಎರಡು ವಾರ ತುಂಬಿದ ಗುರುವಾರ ಆಟ ಸಮಸಮ ಇತ್ತು. ಕೊನೆಯ ಇಪ್ಪತ್ತು ಸೆಕೆಂಡು, ಚೆಂಡು ನಮ್ಮದು. ಅಕ್ಕ ಮೂರು ಅಂದಳು. ಒತ್ತಿದೆ. ಗೆರೆ ಮೂಡಿತು. ತಂದವನು ಬಲಗಡೆಯವನಿಗೆ ಕೊಟ್ಟ. ಉದ್ದನೆಯವನು ಅಡ್ಡ ನಿಂತ. ಮೂಲೆಯವನು ನುಸುಳಿ ಬಂದು ಒಬ್ಬನೇ ನಿಂತ. ಅಷ್ಟು ಚೆನ್ನಾಗಿ ಅದು ಯಾವತ್ತೂ ಕೂಡಿ ಬಂದಿರಲಿಲ್ಲ. ಎಲ್ಲ ನನಗೆ ಕಾಣುತ್ತಿತ್ತು. ಆದರೂ ಹೆಬ್ಬೆರಳು ಹೋಗಿ ತಂದವನಿಗೇ ಚೆಂಡು ಕೊಟ್ಟಿತು. ಎದುರಾಳಿ ಮಧ್ಯೆ ಕೈ ಹಾಕಿ ಕಿತ್ತುಕೊಂಡು ಹೋದ. ಕೊಂಬು ಊದಿತು.

ಅಕ್ಕ ಬೈಯೋಕೆ ಶುರು ಮಾಡಿದಳು, ತಮಾಷೆಗೇ. ನಾನು ರಿಮೋಟು ಚಾಪೆ ಮೇಲೆ ಎಸೆದೆ. ಸೆಲ್ಲು ಎರಡೂ ಹಾರಿ ಮಂಚದ ಕೆಳಗೆ ಹೋದವು. ನನಗೆ ಗೊತ್ತಿಲ್ಲದೆ ಬಾಯಿಗೆ ಬಂದದ್ದು ಬಂತು. "ನನ್ ಕೈಲಿ ಆಗಲ್ಲ ಕಣಕ್ಕ. ನಂದು ಬ್ಯಾಡ ಅಂದ್ಬುಟ್ರು. ನಂದೂ ಕೆಟ್ಟೋಗದೆ."

ಅಕ್ಕ ಮೊದಲು ಟಿವಿ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ನೀನು ಮಾತ್ರೆ ತಗೋತಿದ್ದೀಯ ತಾನೆ ಅಂತ ಕೇಳಿದಳು. ಹೂಂ ಅಂದೆ. ಅಷ್ಟು ಹೊತ್ತು ಆರಾಮಾಗಿದ್ದ ಅವಳ ಮುಖದಲ್ಲಿ ಬೆವರು ಕಿತ್ತುಕೊಂಡಿತು. ಪಟ್ಟಿ ಸುತ್ತಿದ ಕೈಯಿಂದಲೇ ನನ್ನ ಕೈ ಹಿಡಿದುಕೊಂಡಳು. ಆ ನರದೊಳಗೆ ರಕ್ತ ಗುರುಗುಡುವುದು ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ಸಾಯೋಕೆ ಹೆದರುತ್ತಿದ್ದಾಳೆ ಅಂದುಕೊಂಡೆ. ಹೆದರಿದ್ದು ಹೌದು, ಅದಕ್ಕಲ್ಲ.

"ಮಗಳ್ಗೆ ಹೇಳ್ಬುಟ್ಟೀಯೆ ಮತ್ತೆ" ಅಂದಳು.

ಹೇಳಲ್ಲ ಅಂದೆ. ಆಣೆ ಮಾಡು ಅಂದಳು. ನಾನು ಆಣೆ ಮಾಡಲಿಲ್ಲ. ಹೇಳದಿದ್ದರೆ ಅಕ್ಕ ಉಳಿಯುವುದಿಲ್ಲ, ಹೇಳಿದರೆ ಅಕ್ಕ ಉಳಿದೂ ನನ್ನ ಮುಖ ನೋಡುವುದಿಲ್ಲ. ಮಂಚದ ಕೆಳಗೆ ತೂರಿ ಸೆಲ್ಲು ಹುಡುಕುವ ನೆಪದಲ್ಲಿ ಅಲ್ಲೇ ಸ್ವಲ್ಪ ಹೊತ್ತು ಅತ್ತೆ. ಎದ್ದು ಬಂದು ಸೆಲ್ಲು ಹಾಕಿದೆ.

ಅದಾದ ಮೇಲೆಯೂ ಸೋಮವಾರ, ಗುರುವಾರ ಬರುತ್ತಲೇ ಇವೆ. ಮೊನ್ನೆ ಗುರುವಾರವೂ ಕೂತಿದ್ದೆವು. ಬಾಣದ ಬಟನ್ ಒತ್ತಿ ಪಟ್ಟಿ ತೆಗೆದು, ಮೂರಾ ಅಕ್ಕ ಅಂತ ಕೇಳಿದೆ.

"ಮೂರು ಬ್ಯಾಡ" ಅಂದಳು. "ಬ್ಯಾರೆ ಏನಾರ ಆಡು."

ಅಷ್ಟರಲ್ಲಿ ಚಾಪೆ ಮೇಲಿದ್ದ ನನ್ನ ಫೋನು ಹೊಡೆದುಕೊಂಡಿತು. ಮಗಳ ಹೆಸರು. ಇಬ್ಬರೂ ನೋಡಿದೆವು, ಇಬ್ಬರೂ ಕೈ ಚಾಚಲಿಲ್ಲ. ಅದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಟಿವಿಯಲ್ಲಿ ಗೆರೆ ಒಂದೂ ಇರಲಿಲ್ಲ. ಆದರೂ ಒಬ್ಬ ಹುಡುಗ ತನ್ನ ಪಾಡಿಗೆ ತಾನು ಮೂಲೆಗೆ ಹೋಗಿ ಎರಡೂ ಕೈ ಚಾಚಿ ನಿಂತಿದ್ದ. ನಾನು ಚೆಂಡನ್ನು ಕೊಟ್ಟವನಿಗೇ ವಾಪಸ್ ಕೊಟ್ಟೆ. ಅಕ್ಕ ಬೈಯಲಿಲ್ಲ.