ಟಕಟಕಿ ಕೊಂಡ ಬೂದು ಲ್ಯಾಪ್‌ಟಾಪ್

ಕೈಗೆ ಸಿಕ್ಕಿದ್ದನ್ನೆಲ್ಲ ತಾಳಕ್ಕೆ ತಟ್ಟುವ ಚಟ ಅವಳಿಗೆ ಚಿಕ್ಕಂದಿನಿಂದಲೂ ಇತ್ತು. ಊಟದ ತಟ್ಟೆ, ಬಸ್ಸಿನ ಕಂಬಿ, ಪರೀಕ್ಷೆ ಬರೆಯುವ ಬೆಂಚು, ಯಾವುದನ್ನೂ ಬಿಡುತ್ತಿರಲಿಲ್ಲ. ಹಾಗಾಗಿ ಮನೆಯಲ್ಲೂ ಬೀದಿಯಲ್ಲೂ ಅವಳಿಗೆ ಟಕಟಕಿ ಎಂದೇ ಹೆಸರು ಬಿತ್ತು. ಕಣ್ಣು ಪರೀಕ್ಷೆ ಮಾಡುವ ಕೋರ್ಸಿನ ಎರಡನೇ ವರ್ಷದಲ್ಲಿದ್ದಳು. ರಜೆಯಲ್ಲಿ ಕನ್ನಡಕದಂಗಡಿಯೊಂದರಲ್ಲಿ ಕೆಲಸ. ಉಳಿದ ಹೊತ್ತೆಲ್ಲ ಅಕ್ಕನ ಮನೆಯಲ್ಲೇ ಠಿಕಾಣಿ, ಯಾಕೆಂದರೆ ಭಾವ ಡಿಜೆ.

ಆ ಮನೆಯ ಹಜಾರದ ತುಂಬ ಸ್ಪೀಕರ್ ಪೆಟ್ಟಿಗೆಗಳು. ಬಂದವರು ಅವುಗಳ ಮೇಲೇ ಕೂತು ಕಾಫಿ ಕುಡಿಯಬೇಕು. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದರ ತಾಳವನ್ನು ಅದರೊಳಗೆ ಹೇಗೆ ಜಾರಿಸಬೇಕೆಂದು ಅವಳಿಗೆ ಹೇಳಿಕೊಟ್ಟವನು ಭಾವನೇ. ಹಾಡು ಬೆರೆಸುವ ತನ್ನ ಹಳೆಯ ಪುಟ್ಟ ಮಿಕ್ಸರನ್ನೂ ಅವಳಿಗೇ ಬಿಟ್ಟುಕೊಟ್ಟಿದ್ದ. ಆದರೆ ಪಾರ್ಟಿಗೆ ನಾನೂ ಬರಲಾ ಎಂದು ಕೇಳಿದಾಗಲೆಲ್ಲ, ಇನ್ನೂ ಕೈ ಪಳಗಬೇಕು, ಜನರ ಮುಂದೆ ಇಡುವ ಹಾಗಿಲ್ಲ ಎಂದು ಸಾಗಹಾಕುತ್ತಿದ್ದ. ಅವಳು ನಂಬಿದಳು. ಗುರು ಹೇಳಿದ ಮೇಲೆ ಇನ್ನೇನು?

ಅವಳ ಮನೆಯ ಹಳೆಯ ಕಂಪ್ಯೂಟರು ಎರಡು ಹಾಡು ಒಟ್ಟಿಗೆ ಹಾಕಿದರೆ ಬಿಕ್ಕಳಿಸುತ್ತಿತ್ತು. ಕಾಲೇಜಿನವರು ಕಳಿಸುವ ಕಣ್ಣಿನ ಚಿತ್ರಗಳನ್ನು ತೆರೆಯಲು ಹೋದರೆ ಮೂರ್ಛೆಯೇ ಹೋಗುತ್ತಿತ್ತು. ಕೂಡಿಟ್ಟ ಸಂಬಳ ಸಾಕಷ್ಟಾದಾಗ ಟಕಟಕಿ ಭಾವನನ್ನು ಜೊತೆಗೆ ಕರೆದುಕೊಂಡು, ಮಿಕ್ಸರನ್ನು ಬಗಲಿಗೇರಿಸಿಕೊಂಡು ಲ್ಯಾಪ್‌ಟಾಪ್ ಅಂಗಡಿಗೆ ಹೋದಳು.

ಅಂಗಡಿಯವಳು ಮೊದಲು ತೋರಿಸಿದ್ದು ಕನ್ನಡಿಯಂತೆ ಹೊಳೆಯುವ ತೆಳ್ಳನೆಯದು. ಅದರಲ್ಲಿ ವೈರು ಸಿಕ್ಕಿಸಲು ಇದ್ದದ್ದು ಒಂದೇ ತೂತು. ಮಿಕ್ಸರ್ ಹಾಕಿದರೆ ಚಾರ್ಜರ್ ಎಲ್ಲಿ ಹಾಕಲಿ ಎಂದು ಕೇಳಿದ್ದಕ್ಕೆ ಅಂಗಡಿಯವಳು ನಕ್ಕು ಇನ್ನೊಂದನ್ನು ತಂದಳು. ಅದು ಗೇಮ್ ಆಡುವವರದ್ದು. ಶಕ್ತಿಗೇನೂ ಕೊರತೆಯಿಲ್ಲ, ಆದರೆ ಎತ್ತಿದರೆ ರುಬ್ಬುಗುಂಡು, ಫ್ಯಾನಿನ ಸದ್ದೋ ಲೈಬ್ರರಿಯಿಂದ ಹೊರಗೆ ಹಾಕಿಸುವಂಥದ್ದು. ಕೊನೆಗೆ ಮೂಲೆಯಲ್ಲಿದ್ದ ಬೂದು ಬಣ್ಣದ, ಯಾರೂ ತಿರುಗಿ ನೋಡದ ಒಂದನ್ನು ಅವಳೇ ಹುಡುಕಿದಳು. ತೂತುಗಳು ಬೇಕಾದಷ್ಟು. ಮಿಕ್ಸರ್ ಸಿಕ್ಕಿಸಿ ಎರಡು ಹಾಡು ಓಡಿಸಿ, ಪಕ್ಕದಲ್ಲೇ ಕಣ್ಣಿನ ಚಿತ್ರವನ್ನೂ ತೆರೆದಳು. ಒಂದೂ ತಡವರಿಸಲಿಲ್ಲ.

"ನಾನಾಗಿದ್ರೂ ಇದನ್ನೇ ಆರಿಸ್ತಿದ್ದೆ," ಎಂದ ಭಾವ. ಅವಳಿಗೆ ಅಷ್ಟೇ ಸಾಕಾಯಿತು.

ಸೆಟ್ ಮಾಡಿಕೊಡುತ್ತೇನೆಂದು ಅವನೇ ಅದನ್ನು ಮನೆಗೆ ಒಯ್ದ. ವಾಪಸ್ ಕೊಡುವಾಗ, ನೀನು ಮಾಡಿದ್ದರ ಒಂದೊಂದು ಕಾಪಿ ತಾನಾಗೇ ಇಂಟರ್ನೆಟ್‌ನಲ್ಲಿ ಉಳಿಯುತ್ತದೆ, ಮೆಷಿನ್ ಕೆಟ್ಟರೂ ಹಾಡು ಹೋಗುವುದಿಲ್ಲ ಎಂದು ವಿವರಿಸಿದ. ಎಷ್ಟು ಕಾಳಜಿ ಎಂದು ಅವಳ ಮನಸ್ಸು ತುಂಬಿ ಬಂತು.

ಆ ಚಳಿಗಾಲವೆಲ್ಲ ಅವಳು ಬೆಳಿಗ್ಗೆ ಓದಿದಳು, ಸಂಜೆ ಹಾಡು ಬೆಸೆದಳು. ಅಪ್ಪ ಪರದೆ ಹೊಲಿಯುವವರು. ಮುಂದಿನ ಕೋಣೆಯಲ್ಲಿ ಅವರ ಹೊಲಿಗೆ ಯಂತ್ರ ಓಡುವ ಸದ್ದನ್ನು ಫೋನಿನಲ್ಲಿ ಹಿಡಿದು, ಹಾಗೆ ಬೆಸೆದ ಒಂದು ಮಿಕ್ಸ್‌ಗೆ ಅದನ್ನೇ ತಾಳವಾಗಿ ಕೂರಿಸಿದಳು. ಭಾವನಿಗೆ ಕೇಳಿಸಿದಾಗ ಅವನು ತಲೆಯಾಡಿಸಿ, "ಇದಕ್ಕೆ ಯಾರು ಕುಣೀತಾರೆ ಮಾರಾಯ್ತಿ?" ಎಂದಿದ್ದ.

ಕುಣಿದವರನ್ನು ಅವಳು ಕಣ್ಣಾರೆ ಕಂಡಳು. ಕನ್ನಡಕದಂಗಡಿಯ ಯಜಮಾನರು ಕೆಲಸಗಾರರಿಗೆಲ್ಲ ಹೋಟೆಲಿನಲ್ಲಿ ಮಧ್ಯಾಹ್ನದ ಪಾರ್ಟಿ ಇಟ್ಟಿದ್ದರು. ಡಿಜೆ ಯಾರೆಂದು ಅವಳು ಕೇಳಿರಲಿಲ್ಲ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಅಪ್ಪನ ಹೊಲಿಗೆ ಯಂತ್ರದ ಸದ್ದು ಕೇಳಿಸಿತು. ಒಂದು ಕ್ಷಣ ಅಪ್ಪ ಇಲ್ಲೇ ಎಲ್ಲೋ ಇದ್ದಾರೆ ಅನ್ನಿಸಿತು. ಆಮೇಲೆ ಅದರ ಮೇಲೆ ಡೋಲು ಏರಿತು, ಅವಳು ಏರಿಸಿದ್ದ ಜಾಗದಲ್ಲೇ. ಯಜಮಾನರ ಹೆಂಡತಿಯಿಂದ ಹಿಡಿದು ಲೆನ್ಸ್ ಉಜ್ಜುವವರ ತನಕ ಎಲ್ಲರೂ ಕುಣಿಯುತ್ತಿದ್ದರು. ವೇದಿಕೆಯ ಮೇಲೆ ಭಾವ ಒಂದು ಕೈ ಮೇಲೆತ್ತಿ, ಇನ್ನೊಂದು ಕೈಯಲ್ಲಿ ಗುಂಡಿಗಳನ್ನು ತಿರುಗಿಸುತ್ತಿದ್ದ. ಮೊದಲೇ ಮಾಡಿಟ್ಟ ಮಿಕ್ಸ್ ತಾನಾಗಿ ಓಡುತ್ತಿತ್ತು. ಅವನು ಗುಂಡಿ ತಿರುಗಿಸಿದ್ದಕ್ಕೂ ಹಾಡಿಗೂ ಸಂಬಂಧವೇ ಇರಲಿಲ್ಲ.

ತಟ್ಟೆ ಕೆಳಗಿಟ್ಟು ಅವಳು ವೇದಿಕೆಯ ಹಿಂದೆ ಹೋಗಿ ನಿಂತಳು. ಅವಳನ್ನು ಕಂಡ ಭಾವನ ಎತ್ತಿದ ಕೈ ಮೆಲ್ಲಗೆ ಇಳಿಯಿತು.

"ಇದು ನಿಮ್ಮ ಹತ್ರ ಹೇಗೆ ಬಂತು, ಭಾವ?"

"ಆ ಕಾಪಿಗಳೆಲ್ಲ ನನ್ನ ಅಕೌಂಟಿಗೇ ತಾನೇ ಬರೋದು." ಗುಂಡಿಗಳತ್ತ ತಿರುಗುತ್ತ ಸೇರಿಸಿದ, "ಮನೆಯವರೊಳಗೆ ನಿಂದು ನಂದು ಅಂತ ಏನಿದೆ?"

ಅವಳ ಹಾಡು, ಕಾಲೇಜಿನ ನೋಟ್ಸು, ಗೆಳತಿಯರ ಜೊತೆಗಿನ ಫೋಟೋ, ಎಲ್ಲವೂ ಮೊದಲ ದಿನದಿಂದ ಅವನ ಕೈಗೇ ಹೋಗುತ್ತಿತ್ತು.

ಅಲ್ಲಿಂದ ನೆಟ್ಟಗೆ ಅಕ್ಕನ ಮನೆಗೆ ಬಂದಳು. ಅಕ್ಕನಿಗೆ ಹೇಳಿದರೆ ಅವಳೇ ಗಂಡನ ಕಿವಿ ಹಿಂಡುತ್ತಾಳೆ ಎಂಬ ಧೈರ್ಯವಿತ್ತು. ಅಕ್ಕ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತು ವೈರು ಸುತ್ತುತ್ತಿದ್ದಳು. ಎಲ್ಲ ಕೇಳಿದಳು, ಸುತ್ತುವ ಕೈ ನಿಲ್ಲಲಿಲ್ಲ.

"ನಿಂಗೆ ಗೊತ್ತಿತ್ತಾ, ಅಕ್ಕ?"

"ನೀನು ಹೇಗೂ ಓದಿ ಕೆಲಸಕ್ಕೆ ಸೇರ್ತೀಯ. ನಮಗೆ ಇರೋದು ಇದೊಂದೇ ಅನ್ನ. ಅವರ ಹಾಡಿಗೆ ಈಗ ಯಾರೂ ಕರೀತಿಲ್ಲ ಕಣೇ." ಅಕ್ಕ ಆಗಲೂ ತಲೆ ಎತ್ತಲಿಲ್ಲ.

ಭಾವ ಮಾಡಿದ್ದಕ್ಕೆ ಬಾರದ ಅಳು ಆಗ ಬಂತು. ಹೊಟ್ಟೆಯ ಪಾಡು ಅವಳಿಗೆ ಅರ್ಥವಾಗದ್ದಲ್ಲ. ಬಾಯಿಬಿಟ್ಟು ಕೇಳಿದ್ದರೆ ಎಲ್ಲವನ್ನೂ ತಾನೇ ಕೊಟ್ಟುಬಿಡುತ್ತಿದ್ದಳು. ಚೆನ್ನಾಗಿಲ್ಲ ಚೆನ್ನಾಗಿಲ್ಲ ಎಂದು ಇಷ್ಟು ದಿನ ತನ್ನನ್ನು ಮೂಲೆಯಲ್ಲಿ ಕೂರಿಸಿದ್ದು ಯಾಕೆ? ಅದನ್ನು ಕೇಳಿದಾಗ ಅಕ್ಕ ಇನ್ನೊಂದು ವೈರನ್ನು ಕೈಗೆತ್ತಿಕೊಂಡಳು. ಅಪ್ಪನಾದರೂ ಒಂದು ಮಾತು ಆಡುತ್ತಾರೆಂದು ಮನೆಗೆ ಬಂದು ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿ, ಇಬ್ಬರೂ ನನ್ನ ಮಕ್ಕಳೇ, ಯಾರನ್ನು ಬಯ್ಯಲಿ ಎಂದು ಮತ್ತೆ ಬಟ್ಟೆಗೆ ಸೂಜಿ ಹಾಕಿದರು.

ಟಕಟಕಿ ಓದಿನ ನೋಟ್ಸನ್ನಷ್ಟೇ ಬೇರೆ ಕಡೆ ಇಟ್ಟುಕೊಂಡು, ಲ್ಯಾಪ್‌ಟಾಪಿನಲ್ಲಿದ್ದದ್ದನ್ನೆಲ್ಲ ಅಳಿಸಿ, ತನ್ನ ಹೆಸರಿನಲ್ಲಿ ಹೊಸದಾಗಿ ಶುರುಮಾಡಿದಳು. ಪರೀಕ್ಷೆ ಪಾಸಾದಳು. ಕಾಲೇಜಿನಲ್ಲಿ ಕೊನೆಯ ವರ್ಷದವರ ಬೀಳ್ಕೊಡುಗೆ ದಿನ ಕೇಳಿಕೊಂಡು ಹೋಗಿ ಡಿಜೆ ಮಾಡಿದಳು. ಮೊದಲ ಹಾಡಿನಲ್ಲಿ ತಾಳ ತಪ್ಪಿತು, ಮೂರನೆಯದಕ್ಕೆ ಮೇಷ್ಟ್ರುಗಳೂ ಎದ್ದು ಬಂದರು. ಆಮೇಲೆ ಒಂದೆರಡು ಕಡೆಯಿಂದ ಕರೆ ಬಂತು. ಮಿಕ್ಸ್ ಮಾಡಿದ್ದನ್ನು ಮುಂಚೆ ಯಾರಿಗೂ ಕೇಳಿಸುವುದನ್ನು ಮಾತ್ರ ಬಿಟ್ಟಳು.

ಅಕ್ಕ, ಭಾವ ಈಗಲೂ ಮನೆಗೆ ಬರುತ್ತಾರೆ. ಏನೂ ಆಗಿಲ್ಲವೆಂಬಂತೆ ಭಾವ ಅವಳ ಓದಿನ ಬಗ್ಗೆ ವಿಚಾರಿಸುತ್ತಾನೆ. ಅವಳು ಕೇಳಿದಷ್ಟಕ್ಕೆ ಉತ್ತರಿಸುತ್ತಾಳೆ, ನೀರು ಬೇಕೆಂದರೆ ತಂದುಕೊಡುತ್ತಾಳೆ. ಆದರೆ ಆ ಮಧ್ಯಾಹ್ನದ ನಂತರ ಅವನನ್ನು ಭಾವ ಎಂದು ಕರೆದಿಲ್ಲ. ಊಟಕ್ಕೆ ಏಳಿಸಬೇಕಾದಾಗ ಬಾಗಿಲಲ್ಲಿ ನಿಂತು, "ಬಡಿಸಿದೆ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಾಳೆ.