ಹಾಲು ತರುವ ನೆಪ

ನನ್ನ ಗಂಡ ನಡೆಯುತ್ತಾ ನಡೆಯುತ್ತಾ ನಿಂತು ಫೋನ್ ನೋಡುವ ಅಭ್ಯಾಸ ಶುರು ಮಾಡಿಕೊಂಡಾಗ ನಾನು ಅದನ್ನು ಆಫೀಸಿನ ಕಾಟ ಅಂದುಕೊಂಡಿದ್ದೆ. ಇಲ್ಲಿ ಟೆಕ್ಸಾಸ್‌ನ ಇರ್ವಿಂಗ್ ದೇವಸ್ಥಾನಕ್ಕೆ ಹಬ್ಬದ ದಿನ ಹೋದರೆ ಕಾರನ್ನು ಎಲ್ಲೋ ದೂರದಲ್ಲಿ ನಿಲ್ಲಿಸಬೇಕು. ಅಲ್ಲಿಂದ ಬಾಗಿಲು ಮುಟ್ಟುವಷ್ಟರಲ್ಲಿ ಇವರು ನಡುದಾರಿಯಲ್ಲಿ ನಿಂತು, ಹುಬ್ಬು ಗಂಟಿಕ್ಕಿಕೊಂಡು ಫೋನ್ ಓದುವರು. ಒಂದು ಸಲ ರೇಗಿಹೋಗಿ, ಇಲ್ಲೂ ಬಿಡದಂಥ ಮೆಸೇಜ್ ಯಾವುದಪ್ಪಾ ಎಂದು ಇಣುಕಿದೆ. ಫೋನ್ ಆನ್ ಕೂಡ ಆಗಿರಲಿಲ್ಲ. ಇವರು ಮೀನಖಂಡದ ನೋವು ಇಳಿಯಲಿ ಎಂದು ಕಾಯುತ್ತಾ ನಿಂತಿದ್ದರು.

ಡಾಕ್ಟರ್ ಕೈಗೂ ಕಾಲಿಗೂ ಬಿಪಿ ಪಟ್ಟಿ ಕಟ್ಟಿ ನೋಡಿದರು. ಮನೆಯಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದರು. ತಂದೆಗೆ ಸಕ್ಕರೆ ಕಾಯಿಲೆ ಇತ್ತು, ಅದರಿಂದ ಒಂದು ಕಾಲು ತೆಗೆದಿದ್ದರು ಎಂದು ಇವರು ಹೇಳಿದರು. ಇವರ ರಕ್ತದಲ್ಲಿ ಸಕ್ಕರೆ ಹೆಚ್ಚಿರಲಿಲ್ಲ. ಸಿಗರೇಟಿನಿಂದ ಕಾಲಿನ ರಕ್ತನಾಳ ಕಿರಿದಾಗಿದೆ, ನಡೆದಾಗ ಸಾಕಷ್ಟು ರಕ್ತ ಕೆಳಗಿಳಿಯುತ್ತಿಲ್ಲ ಎಂದರು ಡಾಕ್ಟರ್. ಸಿಗರೇಟ್ ಎಂದರೆ ಕೆಮ್ಮು, ಶ್ವಾಸಕೋಶ, ಕ್ಯಾನ್ಸರ್ ಎಂದಷ್ಟೇ ತಿಳಿದಿದ್ದ ನನಗೆ ಅದು ಕಾಲಿನವರೆಗೂ ಹೋಗುತ್ತದೆ ಎಂದು ಗೊತ್ತಿರಲಿಲ್ಲ. ಮಾತ್ರೆ ಬರೆದರು, ದಿನಾ ನಡೆಯಿರಿ ಎಂದರು. ಸೇದುತ್ತಲೇ ಇದ್ದರೆ ಪಾದದಲ್ಲಿ ಒಂದು ಸಣ್ಣ ಗಾಯವಾದರೂ ಮಾಯದೆ ಉಳಿಯಬಹುದು, ಆಮೇಲೆ ಕಾಲನ್ನೇ ಕಳೆದುಕೊಳ್ಳಬೇಕಾದೀತು ಎಂದೂ ಹೇಳಿದರು. ಇವರು ವಿಧೇಯ ವಿದ್ಯಾರ್ಥಿಯಂತೆ ತಲೆಯಾಡಿಸಿದರು. ಮನೆಗೆ ಬಂದವರೇ ನೆಟ್ಟಗೆ ಗರಾಜಿಗೆ ಹೋದರು.

ಕಾಪೆಲ್‌ನ ನಮ್ಮ ಮನೆಯಲ್ಲಿ ಗರಾಜ್ ಎಂದರೆ ಇವರು ಸಿಗರೇಟ್ ಸೇದುವ ಜಾಗ. ಶಟರನ್ನು ಮೊಣಕಾಲೆತ್ತರಕ್ಕೆ ಎತ್ತಿ, ಪೇಂಟ್ ಡಬ್ಬಗಳ ಹಿಂದೆ ಬಚ್ಚಿಟ್ಟ ಕಾಫಿ ಟಿನ್ನಿನಲ್ಲಿ ಬೂದಿ ಕೊಡವುತ್ತಿದ್ದರು. ನಾನು ಕೂಗಾಡಿದೆ, ಮಾತು ಬಿಟ್ಟೆ, ಚಟ ಬಿಡಿಸುವ ನಿಕೋಟಿನ್ ಪ್ಯಾಚ್ ತಂದುಕೊಟ್ಟೆ. ಮಹಾನುಭಾವರು ಪ್ಯಾಚ್ ಅಂಟಿಸಿಕೊಂಡೇ ಸೇದಿದರು.

ಆ ಬೇಸಿಗೆಯಲ್ಲಿ ಧಾರವಾಡದಿಂದ ಅತ್ತೆ ಬಂದರು. ಅತ್ತೆ ಬಂದರೆಂದು ನನ್ನಷ್ಟು ಹಿಗ್ಗಿದ ಸೊಸೆ ಟೆಕ್ಸಾಸ್‌ನಲ್ಲಿ ಇನ್ನೊಬ್ಬಳಿರಲಾರಳು. ನಮ್ಮಲ್ಲಿ ಗಂಡಸರ ತಲೆ ನರೆತರೂ ಹೆತ್ತವರ ಮುಂದೆ ಸಿಗರೇಟ್ ಹಚ್ಚುವುದಿಲ್ಲ. ಹೆತ್ತವರು ಕಂಡರೂ ಕಾಣದಂತಿರುತ್ತಾರೆ. ಅದಕ್ಕೆ ಮರ್ಯಾದೆ ಎಂದು ಹೆಸರು. ವೀಸಾ ಮುಗಿಯುವವರೆಗಾದರೂ ಈ ಮರ್ಯಾದೆ ನನ್ನ ಗಂಡನ ಕಾಲು ಕಾಯುತ್ತದೆ ಎಂದು ನಾನು ನಂಬಿದ್ದೆ.

ಸಾಲದ್ದಕ್ಕೆ ಅತ್ತೆಗೆ ಏಸಿ ಆಗುತ್ತಿರಲಿಲ್ಲ. ಸ್ವೆಟರ್, ಕಾಲುಚೀಲ ಹಾಕಿಕೊಂಡು ನಡುಗುತ್ತಿದ್ದವರು ಎರಡನೇ ದಿನವೇ ಬೆಚ್ಚಗಿನ ಗರಾಜನ್ನು ಪತ್ತೆ ಹಚ್ಚಿದರು. ಶಟರ್ ಪೂರ್ತಿ ಎತ್ತಿಸಿ, ಮಡಿಚುವ ಕುರ್ಚಿ ಹಾಕಿಸಿಕೊಂಡು, ಡ್ರೈವ್‌ವೇ ಮೇಲೆ ಸಂಡಿಗೆ ಒಣಹಾಕಿ ಕಾವಲು ಕೂತರು.

"ನಿಮ್ಮ ಅಮೆರಿಕಾದಾಗ ಇದೊಂದ ಜಾಗಾ ಮನಿ ಇದ್ದಂಗ ಐತಿ ನೋಡವಾ" ಎಂದರು.

ಇನ್ನು ಇವರು ಎಲ್ಲಿಗೆ ಹೋದಾರು ಎಂದು ನಾನು ಒಳಗೊಳಗೇ ನಕ್ಕೆ. ಇವರು ಹಾಲು ತರಲು ಹೋದರು. ಮರುದಿನ ಸಂಜೆಯೂ "ಹಾಲು ತರ್ತೀನಿ" ಎಂದು ಕಾರ್ ತೆಗೆದರು. ಬರುವಾಗ ಬಾಯಲ್ಲಿ ಏಲಕ್ಕಿ, ಕೈಯಲ್ಲಿ ಒಂದು ಗ್ಯಾಲನ್ ಹಾಲು. ಫ್ರಿಜ್‌ನಲ್ಲಿ ಮೊಸರಿಡಲೂ ಜಾಗವಿಲ್ಲದಂತಾಯಿತು. ನನಗೆ ಮೈ ಉರಿಯುತ್ತಿತ್ತು. ಆದರೆ ತಾಯಿಯ ಎದುರು ಮಗನಿಗೆ ಏನೆಂದು ಬೈಯಲಿ? ಯಾವ ಮರ್ಯಾದೆಯನ್ನು ನಂಬಿದ್ದೆನೋ ಅದು ನನ್ನ ಬಾಯನ್ನೇ ಕಟ್ಟಿಹಾಕಿತ್ತು.

ಅತ್ತೆ ಆ ಹಾಲನ್ನೆಲ್ಲ ಒಲೆಯ ಮುಂದೆ ನಿಂತು ಕಾಸಿ, ಬತ್ತಿಸಿ, ಪೇಢೆ ಮಾಡಿದರು. ಬೀದಿಯ ಕನ್ನಡದವರು, ತೆಲುಗಿನವರು ಎಲ್ಲರಿಗೂ ಹಂಚಿದೆವು. ಆಂಟಿ ಕೈರುಚಿಯೇ ಕೈರುಚಿ ಎಂದು ಹೊಗಳಿದ್ದೇ ಹೊಗಳಿದ್ದು. ನನಗೆ ಮಾತ್ರ ಆ ಪೇಢೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದು ನನ್ನ ಗಂಡನ ಕಾಲಿನ ಲೆಕ್ಕದಲ್ಲಿ ಬಂದ ಸಿಹಿ ಎನಿಸುತ್ತಿತ್ತು.

ಒಂದು ಸಂಜೆ ಇವರು ಹಾಲಿನ ಡಬ್ಬ ಕೆಳಗಿಟ್ಟು, ಗರಾಜಿನ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿದರು. ಹೆಬ್ಬೆರಳ ಮೇಲೆ ಗಾಯವಿತ್ತು. ಶೂ ಉಜ್ಜಿದ್ದಷ್ಟೇ, ಮಾಯುತ್ತದೆ ಎಂದರು. ಆದರೆ ಆದದ್ದು ಯಾವಾಗಲೋ, ಇನ್ನೂ ಹಸಿಯಾಗಿಯೇ ಇತ್ತು. ಅತ್ತೆ ಬಗ್ಗಿ ಆ ಬೆರಳನ್ನೇ ತುಂಬ ಹೊತ್ತು ನೋಡಿದರು. ಆಮೇಲೆ ಎದ್ದು ಹೋಗಿ, ಪೇಂಟ್ ಡಬ್ಬಗಳ ಹಿಂದಿದ್ದ ಕಾಫಿ ಟಿನ್ನನ್ನು ತಡಕಾಡದೆ ತೆಗೆದರು. ತಮ್ಮ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದು ಹಾಕಿ, ಟಿನ್ನನ್ನು ಅದರ ಮುಂದಿಟ್ಟರು.

"ಹಾಲು ಸಾಕು. ಇಲ್ಲೆ ಕೂಡು. ನನ್ನ ಮುಂದ ಸೇದು."

ಇವರ ಮುಖ ಕಪ್ಪಿಟ್ಟಿತು. "ಹಂಗೆಲ್ಲಾ ಮಾತಾಡಬ್ಯಾಡ ಅವ್ವಾ."

"ನಿಮ್ಮಪ್ಪ ಹಿತ್ತಲದಾಗ ನಿಂತು ಸೇದತಿದ್ರು. ನಿಮ್ಮಜ್ಜಿಗೆ ವಾಸನಿ ಬರಬಾರದಂತ ನಾನ ಊದಿನಕಡ್ಡಿ ಹಚ್ಚತಿದ್ದೆ. ಅಕಿಗೂ ಗೊತ್ತಿತ್ತು, ಸುಮ್ಮನಿದ್ಲು. ಎಲ್ಲಾರೂ ಕೂಡಿ ಮರ್ಯಾದಿ ಕಾದಿವಿ. ಕಾಲು ಹೋತು, ಆಮ್ಯಾಲೆ ಅವರೂ ಹೋದ್ರು."

"ಅಪ್ಪಗ ಸಕ್ಕರಿ ಕಾಯಿಲೆ ಇತ್ತಲ್ಲ?"

"ಎಲ್ಲೀ ಸಕ್ಕರಿ? ಮಂದಿಗೆ ಹಂಗ ಹೇಳಿದ್ವಿ. ನೀ ಹಾಸ್ಟೆಲಿನ್ಯಾಗಿದ್ದಿ, ನಿನಗೂ ಹಂಗ ಹೇಳಿದ್ವಿ. ಅವರಿಗೂ ಮೊದಲ ಹಿಂಗ ಬೆರಳಿಗೆ ಆಗಿತ್ತು." ಅತ್ತೆಯ ದನಿ ಏರಲಿಲ್ಲ. "ಸೇದು. ನನ್ನ ಮುಂದ ಸೇದಿದ್ರ ಮರ್ಯಾದಿ ಹೋಗತೈತಲ್ಲಾ, ಹೋಗಲಿ. ನಾ ಈ ಸಲ ನೋಡಾಕಿನ."

ಇವರು ಕುರ್ಚಿಯಲ್ಲಿ ಕೂತರು. ಜೇಬಿನಿಂದ ಪ್ಯಾಕ್ ತೆಗೆದರು, ಸಿಗರೇಟನ್ನು ತುಟಿಗಿಟ್ಟರು, ಲೈಟರನ್ನು ಹತ್ತಿರ ತಂದರು. ಅತ್ತೆ ಮುಖ ತಿರುಗಿಸಲಿಲ್ಲ. ಹಾಗೆ ನೋಡುವ ತಾಯಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಲೈಟರ್ ಹೊತ್ತಿ ಆರಿತು. ಇವರು ಸಿಗರೇಟನ್ನು ಟಿನ್ನಿಗೆ ಹಾಕಿ, ತಲೆ ತಗ್ಗಿಸಿ ಮಗುವಿನ ಹಾಗೆ ಅತ್ತುಬಿಟ್ಟರು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡರೆ ತಪ್ಪು. ಮರುದಿನವೇ ಡಾಕ್ಟರ ಬಳಿ ಓಡಿದೆವು. ಮನೆಯಲ್ಲಿ ಸಿಡಿಮಿಡಿ, ಸಾರಿಗೆ ಉಪ್ಪು ಹೆಚ್ಚಾದರೂ ಜಗಳ. ನಡುವೆ ಆಫೀಸಿನ ಪಾರ್ಕಿಂಗ್‌ನಲ್ಲಿ ಸೇದಿ ಬಂದದ್ದೂ ಉಂಟು. ಆದರೆ ಅಂದೇ ತಾಯಿಯ ಪಕ್ಕ ಕೂತು "ಇವತ್ತ ಸೇದಿದೆ ಅವ್ವಾ" ಎಂದು ಹೇಳಿದರು. ಆಸೆ ತಡೆಯಲಾಗದಾಗ ಆ ಎರಡನೇ ಕುರ್ಚಿಗೆ ಬಂದು ಅತ್ತೆಯ ಜೊತೆ ಸೊಪ್ಪು ಬಿಡಿಸುತ್ತಿದ್ದರು. ಸಂಜೆ ಇಬ್ಬರೂ ಬೀದಿಯಲ್ಲಿ ನಡೆಯುತ್ತಿದ್ದರು. ಮಗ ನೋವೆಂದು ನಿಂತಾಗ ತಾಯಿಯೂ ನಿಲ್ಲುತ್ತಿದ್ದರು. ಫೋನ್ ಹೊರಗೆ ಬರುತ್ತಿರಲಿಲ್ಲ. ಗಾಯ ಬಹಳ ನಿಧಾನವಾಗಿ ಮಾಯಿತು. ನೋವು ಪೂರ್ತಿ ಹೋಗಲಿಲ್ಲ, ಹೋಗುವುದೂ ಇಲ್ಲವೇನೋ.

ಅತ್ತೆ ಊರಿಗೆ ಹೊರಟ ದಿನ ನನಗೆ ಭಯದಿಂದಲೇ ಅಳು ಬಂತು. ಆ ವಾರವೇ ಒಂದು ಸಂಜೆ ಇವರು ಕಾರಿನ ಕೀ ತೆಗೆದುಕೊಂಡು "ಹಾಲು ತರ್ತೀನಿ" ಎಂದರು. ಅವರು ಹೋದ ಮೇಲೆ ಫ್ರಿಜ್ ತೆಗೆದು ನೋಡಿದೆ. ಹಾಲು ನಿಜವಾಗಿಯೂ ಮುಗಿದಿತ್ತು.

ಆದರೂ ಗರಾಜಿನಲ್ಲೇ ನಿಂತು ಕಾದೆ. ಬಂದವರು ಡಬ್ಬ ಕೆಳಗಿಟ್ಟರು, ನನ್ನ ಮುಖ ನೋಡಿದರು, ಬಗ್ಗಿ ನನ್ನ ಮೂಗಿನ ಹತ್ತಿರ ಬಾಯಿ ತೆರೆದರು. ನನಗೆ ನಾಚಿಕೆಯಾಗಲಿಲ್ಲ, ಪಾಪ ಅಂತಲೂ ಅನಿಸಲಿಲ್ಲ. ಬಾಯಿ, ಅಂಗಿ, ಬೆರಳು ಎಲ್ಲವನ್ನೂ ಮೂಸಿ ನೋಡಿದೆ. ಹಾಲು ತಂದಾಗಲೆಲ್ಲ ಇವತ್ತಿಗೂ ಮೂಸುತ್ತೇನೆ.