ಷರಾ ಅಂಕಣದ ಪೆನ್ಸಿಲು

ಶುಕ್ರವಾರ ಮೂರನೇ ಪಿರಿಯಡ್ ಮುಗಿಯುವುದರೊಳಗೆ ಮುಂದಿನ ವಾರದ ಪಾಠಯೋಜನೆ ಹೆಡ್ ಮಿಸ್ಸಿನ ಮೇಜಿನ ಮೇಲಿರಬೇಕು. ಆ ಹೈಸ್ಕೂಲಿನಲ್ಲಿ ಗಂಟೆ ಬಾರಿಸುವುದಾದರೂ ತಪ್ಪೀತು, ಈ ನಿಯಮ ತಪ್ಪುವಂತಿಲ್ಲ. ಹಾಳೆಯಲ್ಲಿ ಏಳು ಅಂಕಣ: ದಿನ, ಪಾಠ, ಉದ್ದೇಶ, ವಿಧಾನ, ಸಾಮಗ್ರಿ, ಮನೆಗೆಲಸ, ಕೊನೆಯಲ್ಲಿ ಎರಡು ಬೆರಳಗಲದ ಷರಾ. ಹೆಚ್ಚಿನ ಮೇಷ್ಟ್ರುಗಳು ಹೋದ ವರ್ಷದ ಹಾಳೆಗೆ ಈ ವರ್ಷದ ತಾರೀಖು ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಷರಾದಲ್ಲಿ 'ಇಲ್ಲ' ಎಂದು ಬರೆಯುವುದು ವಾಡಿಕೆ. ಇಡೀ ವಾರ ನಲವತ್ತೊಂದು ಮಕ್ಕಳ ಜೊತೆ ಹೆಣಗಾಡಿದ ಮೇಲೂ ಹೇಳುವುದಕ್ಕೆ ಏನೂ 'ಇಲ್ಲ'.

ಇಂಗ್ಲಿಷ್ ಟೀಚರ್ ಮಾತ್ರ ಇಪ್ಪತ್ತಾರು ವರ್ಷದಿಂದ ಎರಡೆರಡು ಪ್ರತಿ ಬರೆಯುತ್ತಿದ್ದಳು. ಒಂದು ಹೆಡ್ ಮಿಸ್ಸಿಗೆ, ನೀಲಿ ಶಾಯಿಯಲ್ಲಿ, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ. ಅದರ ಷರಾದಲ್ಲೂ 'ಇಲ್ಲ'. ಇನ್ನೊಂದು ತನ್ನ ಕೈಚೀಲಕ್ಕೆ. ಅದರ ಷರಾ ಅಂಕಣದಲ್ಲಿ ಮಾತ್ರ ಪೆನ್ಸಿಲು, ಇರುವೆ ಸಾಲಿನಂಥ ಅಕ್ಷರ, ಮನೆಮಾತಿನಲ್ಲಿ. ಅಲ್ಲಿ ಸಾಹಿತ್ಯವಿರಲಿಲ್ಲ, ಮಕ್ಕಳಿದ್ದರು.

'ಹಿಂದಿನ ಬೆಂಚಿನ ಉದ್ದನೆಯವನು: ದೂರದ್ದು ಕಾಣುವುದಿಲ್ಲ, ಹೇಳಿಕೊಳ್ಳಲು ನಾಚಿಕೆ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುವುದು.' 'ಬಾಗಿಲ ಬಳಿಯವಳು: ನಗುವುದು ಹೆದರಿದಾಗ. ಕೊಬ್ಬು ಎಂದುಕೊಳ್ಳಬಾರದು.' 'ಅವಳಿ ಜವಳಿ: ಒಬ್ಬ ಬರೆದ ಪ್ರಬಂಧಕ್ಕೆ ಇಬ್ಬರ ಹೆಸರು. ಬರೆದವನು ಯಾರೆಂದು ಗೊತ್ತಾಗುವವರೆಗೆ ಬೈಯುವುದು ಬೇಡ.' ಮತ್ತೆ ಪ್ರತಿ ವಾರವೂ ತಪ್ಪದೆ ಒಂದು ಸಾಲು: 'ಕಿಟಕಿ ಪಕ್ಕದವಳು: ಓದಲು ಹೇಳಬಾರದು. ತಾಯಿ ಹೋದ ಮೇಲೆ ದನಿ ನಡುಗುತ್ತದೆ. ತಾನಾಗಿ ಓದುವವರೆಗೆ ಕಾಯುತ್ತಿದ್ದೇನೆ.' ಅದರ ಕೊನೆಗೆ ವಾರದ ಲೆಕ್ಕ. ಈಗ ಅದು ಏಳಕ್ಕೆ ಬಂದಿತ್ತು.

ಓದಲು ಹೇಳದೆ ಬಿಡುವುದು ಈ ಟೀಚರಿಗೆ ಸಣ್ಣ ಸಂಗತಿಯಲ್ಲ. ಅವಳ ಪಾಠವೇ ಗಟ್ಟಿಯಾಗಿ ಓದುವುದು. ಕಿವಿಗೆ ಬೀಳದ ಕಥೆ ಬಾಯಿಗೆ ಬೀಳದ ಅನ್ನದ ಹಾಗೆ ಎನ್ನುತ್ತಿದ್ದಳು. ತಾನೊಂದು ಪುಟ, ಮಕ್ಕಳೊಂದು ಪುಟ. ಈ ಸಲದ ಕಾದಂಬರಿ ಒಬ್ಬ ಸೇತುವೆ ಕಾಯುವವನದು. ದೋಣಿ ಬಂದಾಗಲೆಲ್ಲ ಅವನು ಚಕ್ರ ತಿರುಗಿಸಿ ಸೇತುವೆ ಎತ್ತಬೇಕು. ಟೀಚರ್ ಓದುತ್ತಿದ್ದರೆ ಚಕ್ರ ಕಿರುಗುಟ್ಟಿದ್ದು ಹಿಂದಿನ ಬೆಂಚಿಗೂ ಕೇಳುತ್ತಿತ್ತು.

ಅಂಥ ಗಂಟಲಿನಲ್ಲಿ ಒಂದು ಗಂಟು. ಅಕ್ಕಿಕಾಳಿನಷ್ಟೇ, ಅಪಾಯದ್ದಲ್ಲ, ತೆಗೆದರಾಯಿತು ಎಂದರು ಡಾಕ್ಟರು. ಆಮೇಲೆ ಮೂರು ವಾರ ಒಂದು ಮಾತೂ ಆಡಬಾರದು. ದನಿ ಮೊದಲಿನ ಹಾಗೇ ಬರುತ್ತದೆಯೇ ಎಂದು ಕೇಳಿದ್ದಕ್ಕೆ ಅವರು ಕನ್ನಡಕ ಒರೆಸಿಕೊಂಡು, "ನೋಡೋಣ" ಅಂದರು. ಡಾಕ್ಟರುಗಳ 'ನೋಡೋಣ' ಕೇಳಿದವರಿಗೇ ಗೊತ್ತು.

ಅವಳ ಬದಲಿಗೆ ತರಗತಿ ನೋಡಿಕೊಳ್ಳಲು ನಿಂತವರು ಲೆಕ್ಕದ ಮೇಷ್ಟ್ರು. ಹೂವಿನಂಥ ಮನುಷ್ಯ, ಆದರೆ ಗೆರೆ ಕೊರೆದಂತೆ ನಡೆಯುವವರು. ಉತ್ತರ ಸರಿಯಿದ್ದು ನಡುವೆ ಒಂದು ಹಂತ ಬಿಟ್ಟುಹೋದರೂ ಅರ್ಧ ಅಂಕ ಕಳೆಯುವವರು. ಇವರ ಕೈಗೆ ಸೇತುವೆಯವನನ್ನು ಒಪ್ಪಿಸುವುದು ಹೇಗೆಂದು ಟೀಚರ್ ಎರಡು ದಿನ ಯೋಚಿಸಿದಳು. ನೀಲಿ ಶಾಯಿಯ ಪ್ರತಿ ಕೊಟ್ಟರೆ ಅವರು ಸೋಮವಾರವೇ ಕಿಟಕಿ ಪಕ್ಕದವಳನ್ನು ಎಬ್ಬಿಸಿ ಓದಿಸುತ್ತಾರೆ. ಅದಕ್ಕೇ ಆ ಶುಕ್ರವಾರ ತನ್ನ ಸ್ವಂತದ ಹಾಳೆಯನ್ನೇ ಅವರ ಕೈಗಿಟ್ಟಳು.

"ಷರಾ ಮರೀದೆ ಓದಿ ಸರ್. ಪಾಠ ಹೆಚ್ಚುಕಮ್ಮಿ ಆದ್ರೂ ಪರವಾಗಿಲ್ಲ, ಅದು ಆಗ್ಬಾರ್ದು."

"ಒಂದಕ್ಷರ ಬಿಡಲ್ಲ ಮೇಡಂ," ಅಂದರು ಅವರು.

ಬಿಡಲಿಲ್ಲ ಕೂಡ. ಬದಲಿ ಮೇಷ್ಟ್ರು ಬಂದಾಗ ವಾರದ ಪಾಠಯೋಜನೆಯನ್ನು ತರಗತಿಯ ಗೋಡೆಯ ಫಲಕಕ್ಕೆ ಚುಚ್ಚಿರಬೇಕು, ಹೆಡ್ ಮಿಸ್ ಸುತ್ತು ಬಂದಾಗ ಕಾಣಬೇಕು ಎನ್ನುವುದು ಆ ಶಾಲೆಯ ಇನ್ನೊಂದು ನಿಯಮ. ಯಾರೂ ಪಾಲಿಸದ ನಿಯಮ. ಸೋಮವಾರ ಬೆಳಿಗ್ಗೆ ಲೆಕ್ಕದ ಮೇಷ್ಟ್ರು ಅದನ್ನು ಪಾಲಿಸಿದರು. ಪೆನ್ಸಿಲು ಮಸುಕಾಗಿದೆ, ಹೆಡ್ ಮಿಸ್ಸಿಗೆ ಕಾಣಲಿಕ್ಕಿಲ್ಲವೆಂದು ಷರಾದ ಮೇಲೆ ಪೆನ್ನಿನಿಂದ ತಿದ್ದಿ, ನಾಲ್ಕು ಮೂಲೆಗೆ ನಾಲ್ಕು ಪಿನ್ನು ಹೊಡೆದರು.

ಟೀಚರಿಗೆ ಇದು ತಿಳಿದದ್ದು ಬುಧವಾರ ಸಂಜೆ. ಆಸ್ಪತ್ರೆಯಿಂದ ಮನೆಗೆ ಬಂದು ಎರಡು ದಿನವಾಗಿತ್ತು. ಮನೆಯೆಂದರೆ ಮಹಡಿಯ ಮೇಲಿನ ಎರಡು ಕೋಣೆ, ಅವಳೂ ಅವಳ ಅಕ್ಕನೂ. ಮುಂದಿನ ಕೋಣೆ ಪೂರ್ತಿ ಅಕ್ಕನ ಹೊಲಿಗೆ: ಯಂತ್ರ, ಕತ್ತರಿಸಿಟ್ಟ ಪರದೆ ಬಟ್ಟೆ, ಕಾಲಿಟ್ಟಲ್ಲೆಲ್ಲ ದಾರ. ಅಕ್ಕ ಮಾತಿನಲ್ಲಿ ಎತ್ತಿದ ಕೈ. ತಂಗಿಯ ಬಾಯಿಗೆ ಬೀಗ ಬಿದ್ದದ್ದೇ ತಡ, ಇಬ್ಬರ ಪಾಲಿನ ಮಾತನ್ನೂ ತಾನೇ ವಹಿಸಿಕೊಂಡಿದ್ದಳು.

"ಐವತ್ತು ವರ್ಷದಲ್ಲಿ ಮೊದಲ್ನೇ ಸಲ ನನ್ನ ಮಾತಿಗೆ ಯಾರೂ ಅಡ್ಡ ಬರ್ತಿಲ್ಲ ನೋಡಿ," ಎನ್ನುತ್ತ ಅವಳು ಲೆಕ್ಕದ ಮೇಷ್ಟ್ರಿಗೆ ಕುರ್ಚಿಯ ಮೇಲಿದ್ದ ಪರದೆ ತೆಗೆದು ಜಾಗ ಮಾಡಿಕೊಟ್ಟಳು.

ಮೇಷ್ಟ್ರು ಕೂರಲಿಲ್ಲ. ಬಾಗಿಲ ಬಳಿಯೇ ನಿಂತು ನಡೆದದ್ದನ್ನು ಹಂತಹಂತವಾಗಿ, ಒಂದನ್ನೂ ಬಿಡದೆ ಹೇಳಿದರು.

"ನಾನು ನಿಯಮ ಅಂತ ಹಾಕ್ದೆ ಮೇಡಂ. ಮಕ್ಕಳು ಓದ್ತಾರೆ ಅಂತ ತಲೆಗೇ ಬರ್ಲಿಲ್ಲ. ನಾನು ಗೋಡೆಗೆ ಏನು ಹಾಕಿದ್ರೂ ಇಷ್ಟು ವರ್ಷ ಒಬ್ರೂ ಓದಿದವ್ರಲ್ಲ. ಎರಡನೇ ಪಿರಿಯಡ್‌ಗೆ ಹೋದ್ರೆ ಕ್ಲಾಸಲ್ಲಿ ಒಂದು ಸದ್ದಿಲ್ಲ. ಆಮೇಲೆ ಗೊತ್ತಾಯ್ತು. ತೆಗೆದೆ. ತೆಗೆದ್ರೇನು ಬಂತು?"

ಟೀಚರ್ ಮಡಿಲಲ್ಲಿದ್ದ ನೋಟುಪುಸ್ತಕ ತೆಗೆದು ಎರಡೇ ಶಬ್ದ ಬರೆದು ತೋರಿಸಿದಳು: 'ಕಿಟಕಿ ಪಕ್ಕದವಳು?'

ಮೇಷ್ಟ್ರು ಚಪ್ಪಲಿ ನೋಡಿಕೊಂಡರು. "ನಿನ್ನೆಯಿಂದ ಬಂದಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತಾದರೂ ಗಾಳಿಗೆ ಹೋಗುತ್ತದೆ. ಬರೆದದ್ದು ನಾಲ್ಕು ಪಿನ್ನಿನ ಮೇಲೆ ನಿಲ್ಲುತ್ತದೆ. ಟೀಚರ್ ಏಳು ವಾರ ಕಾದು, ಕಣ್ಣಿನಲ್ಲೂ ಕೇಳದೆ, ಸರದಿ ಆ ಹುಡುಗಿಯ ಬೆಂಚಿಗೆ ಬಂದಾಗ ಏನೋ ನೆನಪಾದವಳಂತೆ ತಾನೇ ಓದಲು ತೊಡಗಿ ಕಾಪಾಡಿಕೊಂಡು ಬಂದದ್ದು ಒಂದೇ ಬೆಳಿಗ್ಗೆ ಬೀದಿಗೆ ಬಿದ್ದಿತ್ತು. ಆ ಹುಡುಗಿ ಇನ್ನು ಯಾರ ಎದುರೂ ಬಾಯಿ ಬಿಡದಿದ್ದರೆ ಅದು ತನ್ನ ಪೆನ್ಸಿಲಿನಿಂದ. ಹೋಗಿ ಮಾತಾಡಿಸೋಣವೆಂದರೆ ಮಾತೇ ಇಲ್ಲ. ಅವಳು ಅತ್ತಳು, ಸದ್ದಿಲ್ಲದೆ. ಡಾಕ್ಟರು ಅದಕ್ಕೂ ಸದ್ದು ಮಾಡಬಾರದು ಎಂದಿದ್ದರು. ಮೇಷ್ಟ್ರ ಮೇಲೆ ಸಿಟ್ಟು ಮಾಡಬೇಕೆಂದುಕೊಂಡಳು. ಆ ಮನುಷ್ಯನ ಮುಖ ನೋಡಿ ಆಗಲಿಲ್ಲ.

ಶುಕ್ರವಾರ ಮೇಷ್ಟ್ರು ಎರಡನೇ ವಾರದ ಯೋಜನೆ ತೆಗೆದುಕೊಂಡು ಹೋಗಲು ಮತ್ತೆ ಬಂದರು. ಈ ಸಲ ಕೂತರು.

"ಉದ್ದನೆಯವ್ನಿಗೆ ಕನ್ನಡಕ ಬಂತು. ಅವ್ರಪ್ಪನೇ ಕರ್ಕೊಂಡು ಹೋಗಿ ಮಾಡಿಸಿದ್ರಂತೆ. ಅವಳಿಗಳು ತಾವಾಗೇ ಬಂದು, ಬರೆದವ್ನು ಯಾರು ಅಂತ ಒಪ್ಕೊಂಡ್ರು. ಇಬ್ರೂ ನಾನೇ ಅಂದ್ರು, ಅದು ಬೇರೆ ಮಾತು."

ಅಕ್ಕ ನಕ್ಕಳು. ಟೀಚರ್ ನಗಲಿಲ್ಲ, ಕಾದಳು.

"ಅವ್ಳೂ ಬಂದಿದ್ಲು ಇವತ್ತು," ಅಂದರು ಮೇಷ್ಟ್ರು. "ನಾನು ತಪ್ಪಾಯ್ತಮ್ಮ ಅಂದೆ. ಅದಕ್ಕೆ ಅವ್ಳು, ಅಮ್ಮ ಇಲ್ಲ ಅನ್ನೋದು ಎಲ್ರಿಗೂ ಗೊತ್ತು ಸರ್, ಅದಕ್ಕಲ್ಲ ಅಂದ್ಲು. ಮಿಸ್ಸು ಮರೆತು ನನ್ನ ಸರದಿ ಬಿಡ್ತಾರೆ ಅಂದ್ಕೊಂಡಿದ್ದೆ, ಅವ್ರು ಎಣಿಸ್ತಾ ಇದ್ರು ಅಂದ್ಲು. ಏಳು ವಾರ ನನ್ನನ್ನ ಎಣಿಸ್ತಾ ಕೂತಿದ್ರು ಅಂದ್ಲು."

ಟೀಚರ್ ಕೈಯಲ್ಲಿದ್ದ ಹಾಳೆ ನೋಡಿದಳು. ಬೇರೆಲ್ಲ ಅಂಕಣ ತುಂಬಿತ್ತು. ಈ ವಾರ ಷರಾ ಬರೆಯಲು ಕೈ ಬಂದಿರಲಿಲ್ಲ. ಒಬ್ಬರನ್ನು ಕಾಯುವುದು ಬೇರೆ, ಎಷ್ಟು ಕಾದೆ ಎಂದು ಬರೆದಿಡುವುದು ಬೇರೆ. ಹುಡುಗಿಯ ಮಾತು ನಿಜವಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ಅದು ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಮೇಷ್ಟ್ರಿಗೆ ಕೂತಿರಿ ಎಂದು ಕೈಸನ್ನೆ ಮಾಡಿ ಪೆನ್ನು ತೆಗೆದುಕೊಂಡಳು. ಪೆನ್ಸಿಲಲ್ಲ.

'ಟೀಚರ್: ಹದಿನಾಲ್ಕನೇ ವಯಸ್ಸಿನಲ್ಲಿ ಓದಲು ಎದ್ದು ನಿಂತು ತೊದಲಿದಳು. ತರಗತಿ ನಕ್ಕಿತು. ಎರಡು ವರ್ಷ ಬಾಯಿ ಬಿಡಲಿಲ್ಲ, ಯಾರೂ ಕಾಯಲಿಲ್ಲ. ಅದಕ್ಕೇ ಕಾಯುವುದು ಕಲಿತಳು. ಎಣಿಸಿದ್ದು ತಪ್ಪು, ಹೊಟ್ಟೆಗೆ ಹಾಕಿಕೊಳ್ಳಿ ಎನ್ನಲೂ ಮುಖವಿಲ್ಲ. ಈಗ ತನ್ನ ದನಿ ಬರದಿದ್ದರೆ ಏನು ಮಾಡುವುದೆಂದು ಹೆದರಿದ್ದಾಳೆ. ಇದನ್ನು ಅಕ್ಕನಿಗೂ ಹೇಳಿಲ್ಲ.'

ಎರಡು ಬೆರಳಗಲದ ಅಂಕಣ ಸಾಲದೆ ಅಕ್ಷರಗಳು ಮಗ್ಗುಲಿಗೆ ಹತ್ತಿ, ಹಾಳೆಯ ತುದಿಯವರೆಗೂ ಹೋದವು. ಕೆಳಗೆ ಮೇಷ್ಟ್ರಿಗೆಂದು ಒಂದು ಚೀಟಿ ಸಿಕ್ಕಿಸಿದಳು: 'ದಯವಿಟ್ಟು ಇದನ್ನೂ ಗೋಡೆಗೆ ಹಾಕಿ. ನಾಲ್ಕು ಪಿನ್ನು.'

ಹಾಳೆ ಕೈ ದಾಟುವಾಗ ಅಕ್ಕ ಇಣುಕಿ ಓದಿದಳು. ಯಾರ ಕಾಗದವಾದರೂ ಇಣುಕಿ ಓದುವುದು ಅವಳ ಹುಟ್ಟುಗುಣ. ಓದಿ, ಯಂತ್ರದ ಹತ್ತಿರ ಹೋಗಿ ಕೂತು, ಸೂಜಿಗೆ ದಾರ ಪೋಣಿಸಲು ನೋಡಿದಳು. ಆಗಲಿಲ್ಲ. ಮೇಷ್ಟ್ರು ಮೆಟ್ಟಿಲು ಇಳಿದುಹೋಗುವವರೆಗೂ ಅವಳು ಮಾತಾಡಲಿಲ್ಲ, ಆ ಮನೆಯಲ್ಲಿ ಅದು ದೊಡ್ಡ ಸುದ್ದಿಯೇ.

"ನನಗೂ ಒಂದು ಚೀಟಿ ಬರ್ದು ತೋರಿಸ್ಬೋದಿತ್ತಲ್ವೇನೆ," ಅಂದಳು ಆಮೇಲೆ. "ನಾನು ಇಷ್ಟೊಂದು ಮಾತಾಡ್ತಿರೋದು ಯಾಕೆ ಅಂದ್ಕೊಂಡಿದ್ದೀಯ? ಸುಮ್ನಾದ್ರೆ ನನಗೂ ಹೆದ್ರಿಕೆ ಆಗತ್ತೆ."

ತಂಗಿ ಎದ್ದು ಹೋಗಿ ಸೂಜಿಗೆ ದಾರ ಪೋಣಿಸಿಕೊಟ್ಟಳು.

ಮೂರು ವಾರ ಮುಗಿಯಿತು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ದಿನಕ್ಕೆ ಹತ್ತು ನಿಮಿಷ ಮೆಲ್ಲಗೆ ಮಾತಾಡಬಹುದು, ಗಟ್ಟಿಯಾಗಿ ಓದುವುದು ಸದ್ಯಕ್ಕೆ ಬೇಡವೇ ಬೇಡ ಎಂದರು. ಮೊದಲ ಮಾತು 'ಅಕ್ಕ'. ಬಂದ ಸದ್ದು ಒಣ ಎಲೆ ತುಳಿದ ಹಾಗಿತ್ತು. "ಕೇಳಿಸ್ತು ಬಿಡು," ಎಂದಳು ಅಕ್ಕ, ಮುಖ ಆಚೆ ತಿರುಗಿಸಿಕೊಂಡು.

ಸೋಮವಾರ ಟೀಚರ್ ತರಗತಿಯ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಕೈಚೀಲದಲ್ಲಿ ಆ ವಾರದ ಪಾಠಯೋಜನೆಯಿತ್ತು: ಮೌನವಾಗಿ ಓದುವುದು, ಪ್ರಶ್ನೆಗಳಿಗೆ ಉತ್ತರ ಬರೆಯುವುದು. ಇಪ್ಪತ್ತಾರು ವರ್ಷದಲ್ಲಿ ಇಷ್ಟು ಸಪ್ಪೆಯಾದದ್ದನ್ನು ಅವಳು ಬರೆದಿರಲಿಲ್ಲ. ನಲವತ್ತೊಂದು ಮಕ್ಕಳು ಎದ್ದು ನಿಂತರು. ಉದ್ದನೆಯವನ ಮೂಗಿನ ಮೇಲೆ ಹೊಸ ಕನ್ನಡಕ. ಬಾಗಿಲ ಬಳಿಯವಳು ನಕ್ಕಳು, ಅಂದರೆ ಅವಳಿಗೂ ಹೆದರಿಕೆ. ಕಿಟಕಿಯ ಕಡೆ ನೋಡಲು ಟೀಚರಿಗೆ ಧೈರ್ಯವಾಗಲಿಲ್ಲ. ಅದಕ್ಕೇ ಗೋಡೆ ನೋಡಿದಳು.

ಫಲಕದ ಮೇಲೆ ತನ್ನ ಹಾಳೆಯ ಪಕ್ಕ ಇನ್ನೊಂದು ಹಾಳೆಯಿತ್ತು, ಅದಕ್ಕೂ ನಾಲ್ಕು ಪಿನ್ನು. ನೋಟುಪುಸ್ತಕದ ಹಾಳೆಗೆ ಸ್ಕೇಲಿಟ್ಟು ಎಳೆದ ಏಳು ಅಂಕಣ. ಹತ್ತಿರ ಹೋದಳು. ದಿನ: ಸೋಮವಾರ. ಪಾಠ: ಸೇತುವೆ, ಒಂಬತ್ತನೇ ಅಧ್ಯಾಯ. ಉದ್ದೇಶ: 'ಮಿಸ್ ಕೇಳುವುದು.' ಇದು ಅವಳಿಗಳದು. ಒಂದು ಶಬ್ದ ಒಬ್ಬನದು, ಒಂದು ಇನ್ನೊಬ್ಬನದು. ವಿಧಾನ: 'ಓದುವುದು ನಾವು.' ಸಾಮಗ್ರಿ: 'ಒಂದು ಕುರ್ಚಿ, ಬಿಸಿನೀರು.' ಮನೆಗೆಲಸ ಎನ್ನುವಲ್ಲಿ ಯಾರೋ ಆಸೆಯಿಂದ 'ಇಲ್ಲ' ಎಂದು ಬರೆದಿದ್ದರು.

ಷರಾ ಅಂಕಣದಲ್ಲಿ ಪೆನ್ಸಿಲು. ಎಡಕ್ಕೆ ವಾಲುವ ಸಣ್ಣ ಅಕ್ಷರ. ನಲವತ್ತೊಂದು ಕೈಬರಹದ ನಡುವೆಯೂ ಆ ಕೈಯನ್ನು ಅವಳು ಗುರುತಿಸಬಲ್ಲಳು.

'ಟೀಚರ್: ಮಾತಾಡಲು ಹೇಳಬಾರದು. ದನಿ ತಾನಾಗಿ ಬರುವವರೆಗೆ ಕಾಯುತ್ತೇವೆ. ಮೊದಲನೇ ವಾರ.'

ಅವಳು ತಿರುಗಿದಳು. ಮೇಜಿನ ಪಕ್ಕ ಕುರ್ಚಿಯಿತ್ತು, ಮೇಜಿನ ಮೇಲೆ ಫ್ಲಾಸ್ಕು. ಕೂತಳು. ಕಿಟಕಿ ಪಕ್ಕದವಳು ಒಬ್ಬಳೇ ಇನ್ನೂ ನಿಂತಿದ್ದಳು, ಪುಸ್ತಕ ಎದೆಗೆ ಅವುಚಿಕೊಂಡು. ಕೂತ್ಕೋ ಎನ್ನಲು ಟೀಚರ್ ಕೈ ಎತ್ತಿದಳು, ಹುಡುಗಿ ತಲೆಯಲ್ಲಾಡಿಸಿದಳು.

"ಎಣಿಸ್ಬಾರ್ದು, ಮಿಸ್," ಅಂದಳು.

ಟೀಚರ್ ಎಣಿಸುವುದಿಲ್ಲವೆಂದು ತಲೆಯಾಡಿಸಿದಳು. ಹುಡುಗಿ ಒಂಬತ್ತನೇ ಅಧ್ಯಾಯ ತೆಗೆದು ಓದಲು ಶುರು ಮಾಡಿದಳು. ದನಿ ನಡುಗುತ್ತಿತ್ತು, ಎರಡು ಕಡೆ ನಿಂತೇಹೋಯಿತು. ನಿಂತಾಗ ಯಾರೂ ಕೆಮ್ಮಲಿಲ್ಲ, ಯಾರೂ ಮುಂದಿನ ಶಬ್ದ ಹೇಳಿಕೊಡಲಿಲ್ಲ. ನದಿಯಲ್ಲಿ ದೋಣಿ ಬಂತು, ಸೇತುವೆಯವನು ಚಕ್ರಕ್ಕೆ ಕೈ ಹಾಕಿದ, ಮತ್ತು ಟೀಚರಿಗೆ, ಮೊದಲ ಸಲ, ಆ ಚಕ್ರ ತನ್ನದಲ್ಲದ ದನಿಯಲ್ಲಿ ಕಿರುಗುಟ್ಟಿದ್ದು ಕೇಳಿಸಿತು.